ಡೆಂಡ್ರಾನ್ ಎಂದರೆ ಮರ. ಅದು ನರಕೋಶಕ್ಕೂ ನದಿಗೂ ಹೇಗೆ ಬಂತು?

ಪ್ರಶ್ನೆ: ಮಗಳು ಪಿಯುಸಿ ಓದುತ್ತಿದ್ದಾಳೆ. ಅವಳ ಜೀವಶಾಸ್ತ್ರದ ಪುಸ್ತಕದಲ್ಲಿ ನರಕೋಶದ ‘ಡೆಂಡ್ರೈಟ್’ ಇದೆ. ಅವಳ ತಮ್ಮನ ಭೂಗೋಳದ ಪಾಠದಲ್ಲಿ ನದಿಗಳ ‘ಡೆಂಡ್ರಿಟಿಕ್’ ಮಾದರಿ ಇದೆ. ನರ್ಸರಿಯಿಂದ ತಂದ ಕುಂಡದ ಚೀಟಿಯಲ್ಲಿ ‘ಫಿಲೊಡೆಂಡ್ರಾನ್’ ಎಂದಿದೆ. ಇವೆಲ್ಲ ಒಂದೇ ಪದದಿಂದ ಹುಟ್ಟಿದವೇ? ಮರದ ಉಂಗುರ ಎಣಿಸಿ ವಯಸ್ಸು ಹೇಳುವ ‘ಡೆಂಡ್ರೊಕ್ರೊನಾಲಜಿ’ ಬಗ್ಗೆಯೂ ಓದಿದೆ. ನಮ್ಮ ಸವಣೂರಿನ ದೊಡ್ಡ ಹುಣಸೆ ಮರಗಳಿಗೆ ಎರಡು ಸಾವಿರ ವರ್ಷ ಎನ್ನುತ್ತಾರೆ. ಅವನ್ನೂ ಹಾಗೆ ಎಣಿಸಿ ನೋಡಬಹುದೇ?
– ಹಾವೇರಿ ಜಿಲ್ಲೆಯ ಓದುಗರು

ಉತ್ತರ: ಹೌದು, ನೀವು ಹೆಸರಿಸಿದ ಎಲ್ಲವೂ ಒಂದೇ ಬೇರಿನವು. ಗ್ರೀಕ್ ಭಾಷೆಯಲ್ಲಿ ‘ಡೆಂಡ್ರಾನ್’ ಎಂದರೆ ಮರ. ನಮಗೆ ಸಂಸ್ಕೃತದಿಂದ ಬಂದಿರುವ ದ್ರುಮ, ದಾರು ಎಂಬ ಪದಗಳು ಅದಕ್ಕೆ ದೂರದ ನೆಂಟರು ಎಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ವಿಜ್ಞಾನದಲ್ಲಿ ಈ ಪದ ಎರಡು ದಾರಿ ಹಿಡಿದಿದೆ. ಒಂದು ಕಡೆ ಅದು ನಿಜವಾದ ಮರವನ್ನೇ ಹೇಳುತ್ತದೆ. ಇನ್ನೊಂದು ಕಡೆ ಮರವೇ ಇರುವುದಿಲ್ಲ, ಕೊಂಬೆ ಕೊಂಬೆಯಾಗಿ ಕವಲೊಡೆಯುವ ಆಕಾರ ಮಾತ್ರ ಇರುತ್ತದೆ. ಹೊಸದೊಂದು ‘ಡೆಂಡ್ರೊ’ ಪದ ಎದುರಾದಾಗ ಇದು ಮರವೋ, ಮರದ ಆಕಾರವೋ ಎಂದು ಕೇಳಿಕೊಳ್ಳುವುದನ್ನು ನಿಮ್ಮ ಮಗಳಿಗೆ ಅಭ್ಯಾಸ ಮಾಡಿಸಿ. ಅದರ ಜೊತೆಗೆ ಒಂದು ಎಚ್ಚರಿಕೆಯನ್ನೂ ಹೇಳಿ: ವಿಜ್ಞಾನದ ಹೆಸರು ಬಹುಪಾಲು ಮೊದಲು ನೋಡಿದವರ ಕಣ್ಣಿಗೆ ಏನು ಕಂಡಿತೋ ಅದನ್ನು ಹೇಳುತ್ತದೆ. ಆ ವಸ್ತು ಏನು ಕೆಲಸ ಮಾಡುತ್ತದೆ ಎಂಬುದು ಹೆಸರಿನಲ್ಲಿ ಇರಲೇಬೇಕೆಂದಿಲ್ಲ.

ಮೊದಲು ನಿಜವಾದ ಮರದ ಕಡೆ ಹೋಗೋಣ. ಮರಗಳನ್ನು ಗುರುತಿಸಿ ವರ್ಗೀಕರಿಸುವ ಅಧ್ಯಯನಕ್ಕೆ ಡೆಂಡ್ರಾಲಜಿ ಎಂದು ಹೆಸರು. ಇಟಲಿಯ ಉಲಿಸ್ಸೆ ಆಲ್ಡ್ರೊವಾಂಡಿ ಬರೆದಿಟ್ಟಿದ್ದ ಮರಗಳ ಗ್ರಂಥ ಅವರು ತೀರಿಕೊಂಡ ಎಷ್ಟೋ ವರ್ಷಗಳ ನಂತರ, 1668ರಲ್ಲಿ ‘ಡೆಂಡ್ರೊಲಾಜಿಯಾ’ ಎಂಬ ಹೆಸರಿನಲ್ಲಿ ಅಚ್ಚಾಯಿತು. ಮರ ಬೇರೆ, ಕಟ್ಟಿಗೆ ಬೇರೆ ಎಂಬುದು ಗ್ರೀಕರಿಗೂ ಗೊತ್ತಿತ್ತು. ಕಡಿದ ಕಟ್ಟಿಗೆಗೆ ಅವರ ಪದ ‘ಕ್ಸೈಲಾನ್’. ಗಿಡದೊಳಗೆ ನೀರು ಏರುವ ‘ಕ್ಸೈಲಂ’ ಅಂಗಾಂಶದ ಹೆಸರು ಅದರಿಂದ ಬಂದದ್ದು.

ನಿಮ್ಮ ಕುಂಡದ ಫಿಲೊಡೆಂಡ್ರಾನ್ ಎಂದರೆ ಮರವನ್ನು ಪ್ರೀತಿಸುವ ಗಿಡ. ಅಮೆರಿಕ ಖಂಡದ ಉಷ್ಣವಲಯದ ಕಾಡುಗಳಲ್ಲಿ ಅದು ಮರಗಳನ್ನು ತಬ್ಬಿ ಮೇಲೇರುತ್ತದೆ. ಆದ್ದರಿಂದ ಕುಂಡದಲ್ಲೂ ಒಂದು ಕೋಲು ನೆಟ್ಟುಕೊಟ್ಟರೆ ಅದಕ್ಕೆ ಹಿತ. ಮದುವೆ ಮಂಟಪದ ಅಲಂಕಾರಕ್ಕೆ ಬರುವ ನೇರಳೆ ಬಣ್ಣದ ಆರ್ಕಿಡ್ ಹೂವು ಬಹಳ ಮಟ್ಟಿಗೆ ಡೆಂಡ್ರೋಬಿಯಂ, ಅಂದರೆ ಮರದ ಮೇಲೆ ಬಾಳುವುದು. ರೊಡೊಡೆಂಡ್ರಾನ್ ಎಂದರೆ ಗುಲಾಬಿ ಮರ. ಪ್ರಾಚೀನರು ಈ ಹೆಸರನ್ನು ಬಳಸುತ್ತಿದ್ದದ್ದು ನಮ್ಮ ಕಣಗಿಲೆಗೆ. ಈಗ ಅದು ನೀಲಗಿರಿಯ ಎತ್ತರದಲ್ಲೂ ಹಿಮಾಲಯದಲ್ಲೂ ಕೆಂಪು ಗೊಂಚಲು ಬಿಡುವ ಬೇರೆಯೇ ಕುಲಕ್ಕೆ ಸೇರಿದೆ. ಮರಗಳಲ್ಲಿ ಓಡಾಡಿಕೊಂಡಿರುವ ಉದ್ದ ಬಾಲದ ಮಟಪಕ್ಷಿ ಡೆಂಡ್ರೊಸಿಟ್ಟಾ. ಕೆರೆಗಳಲ್ಲಿ ಸಿಳ್ಳೆ ಹಾಕುತ್ತಾ ಹಾರುವ ಬಾತು ಡೆಂಡ್ರೊಸಿಗ್ನಾ. ನೀರಿನ ಹಕ್ಕಿಗೆ ಮರದ ಹೆಸರೇಕೆ ಎಂದರೆ ಅದು ಮರದ ಮೇಲೆ ಕೂರುತ್ತದೆ, ಪೊಟರೆಯಲ್ಲೂ ಮೊಟ್ಟೆ ಇಡುತ್ತದೆ.

ಹಾನಗಲ್ಲಿನ ಕಡೆ ಮಾವಿನ ತೋಪು ಇರುವವರಿಗೆ ಇನ್ನೊಂದು ಹೆಸರು ಬೇಕಾಗುತ್ತದೆ. ಮಾವಿನ ಕೊಂಬೆಗೆ ಹತ್ತಿಕೊಳ್ಳುವ ಬದನಿಕೆ ಡೆಂಡ್ರಾಫ್ತೋ ಕುಲದ್ದು. ‘ಫ್ತೋ’ ಎಂದರೆ ಸವೆಸುವ ಕಾಯಿಲೆ, ಕ್ಷಯ. ಮರಕ್ಕೆ ಕ್ಷಯ ತರುವುದು ಎಂಬ ಅರ್ಥ ಇಲ್ಲಿ ಅಕ್ಷರಶಃ ನಿಜ. ಬದನಿಕೆ ಹಕ್ಕಿ ಅದರ ಹಣ್ಣು ತಿಂದು, ಅಂಟು ಮೆತ್ತಿದ ಬೀಜವನ್ನು ಇನ್ನೊಂದು ಕೊಂಬೆಗೆ ಒರೆಸಿ ಹೋಗುತ್ತದೆ. ಬೀಜ ಮೊಳೆತು ತೊಗಟೆಯೊಳಗೆ ಬೇರಿಳಿಸಿ ಮರ ಏರಿಸಿದ ನೀರನ್ನು ಕುಡಿಯುತ್ತದೆ. ಹಣ್ಣಾಗುವ ಮೊದಲೇ, ಅದು ಕಚ್ಚಿಕೊಂಡ ಜಾಗಕ್ಕಿಂತ ಒಂದಷ್ಟು ಕೆಳಗೆ ಕೊಂಬೆ ಸಮೇತ ಕತ್ತರಿಸಬೇಕು. ಬರೀ ಎಲೆ ಕಿತ್ತರೆ ಮತ್ತೆ ಚಿಗುರುತ್ತದೆ.

ಇನ್ನು ಉಂಗುರಗಳ ವಿಚಾರ. ನನ್ನ ಮಟ್ಟಿಗೆ ‘ಡೆಂಡ್ರೊ’ ಕುಟುಂಬದಲ್ಲಿ ಇದಕ್ಕಿಂತ ಸೊಗಸಾದ ವಿಜ್ಞಾನ ಇನ್ನೊಂದಿಲ್ಲ. ಆದರೆ ಅದರ ಬಗ್ಗೆ ಇರುವಷ್ಟು ತಪ್ಪು ತಿಳಿವಳಿಕೆಯೂ ಬೇರೆ ಯಾವುದರ ಬಗ್ಗೆಯೂ ಇಲ್ಲ.

ಸಾಗುವಾನಿಯ ದಿಮ್ಮಿಯ ಕೊಯ್ದ ತುದಿಯನ್ನು ಉಪ್ಪುಕಾಗದದಲ್ಲಿ ಚೆನ್ನಾಗಿ ಉಜ್ಜಿ, ಒದ್ದೆ ಬಟ್ಟೆಯಲ್ಲಿ ಒರೆಸಿ ನೋಡಿ. ಸೂಜಿ ಚುಚ್ಚಿದಂಥ ದೊಡ್ಡ ರಂಧ್ರಗಳ ಒಂದು ಸಾಲು ಕಾಣುತ್ತದೆ. ಅದರ ಹೊರಗೆ ರಂಧ್ರಗಳು ಸಣ್ಣದಾಗುತ್ತಾ, ಮರ ಬಿಗಿಯಾಗುತ್ತಾ ಹೋಗುತ್ತದೆ. ನಂತರ ಮತ್ತೆ ದೊಡ್ಡ ರಂಧ್ರಗಳ ಸಾಲು. ಬೇಸಿಗೆಯಲ್ಲಿ ಎಲೆ ಉದುರಿಸಿ ನಿಂತಿದ್ದ ಸಾಗುವಾನಿ ಮೊದಲ ಮಳೆಗೆ ಎಚ್ಚೆತ್ತು ಅಗಲವಾದ ನಾಳಗಳನ್ನು ಕಟ್ಟುತ್ತದೆ. ಮಳೆಗಾಲ ಮುಗಿಯುತ್ತಾ ಬಂದಂತೆ ಬೆಳವಣಿಗೆ ನಿಧಾನವಾಗುತ್ತದೆ. ಒಂದು ಸಾಲಿನಿಂದ ಮುಂದಿನ ಸಾಲಿನವರೆಗೆ ಒಂದು ವರ್ಷ. ನಡುವಿನ ಕಂದು ಚೇಗಿಗೂ ಹೊರಗಿನ ಬಿಳಿ ಮರಕ್ಕೂ ಇರುವ ಗಡಿ ಎದ್ದು ಕಾಣುತ್ತದೆ, ಆದರೆ ಅದು ಉಂಗುರವಲ್ಲ. ಬಹಳ ಜನ ಅದನ್ನೇ ಉಂಗುರ ಎಂದುಕೊಳ್ಳುತ್ತಾರೆ.

ಹಾಗಾದರೆ ಎಣಿಸಿಬಿಟ್ಟರೆ ಆಯಿತಲ್ಲ? ಆಗುವುದಿಲ್ಲ. ಆಷಾಢದಲ್ಲಿ ಮಳೆ ಕೈಕೊಟ್ಟು ಶ್ರಾವಣದಲ್ಲಿ ಮರಳಿ ಬಂದರೆ ಮರ ಒಂದೇ ವರ್ಷದಲ್ಲಿ ಎರಡು ಗೆರೆ ಹಾಕಬಹುದು. ಇದನ್ನು ಸುಳ್ಳು ಉಂಗುರ ಎನ್ನುತ್ತಾರೆ. ಭೀಕರ ಬರದ ವರ್ಷದಲ್ಲಿ ಕಾಂಡದ ಒಂದು ಭಾಗದಲ್ಲಿ ಉಂಗುರವೇ ಮೂಡದಿರಬಹುದು. ಆದ್ದರಿಂದ ಡೆಂಡ್ರೊಕ್ರೊನಾಲಜಿಯ ಪ್ರಾಣ ಎಣಿಕೆಯಲ್ಲಿಲ್ಲ, ತಾಳೆ ನೋಡುವುದರಲ್ಲಿದೆ. ಒಂದೇ ಪ್ರದೇಶದ ಮರಗಳು ಒಂದೇ ಮಳೆ, ಒಂದೇ ಬರ ಕಂಡಿರುತ್ತವೆ. ಹಾಗಾಗಿ ಅಗಲ, ಕಿರಿದು, ಕಿರಿದು, ಅಗಲ ಎಂಬ ಉಂಗುರಗಳ ಕ್ರಮ ಎಲ್ಲದರಲ್ಲೂ ಹೊಂದಬೇಕು. ಹಲವು ಮರಗಳ ಕ್ರಮವನ್ನು ಪಕ್ಕಪಕ್ಕ ಇಟ್ಟಾಗ ಸುಳ್ಳು ಉಂಗುರವೂ ಕಾಣೆಯಾದ ಉಂಗುರವೂ ಸಿಕ್ಕಿಬೀಳುತ್ತವೆ. ಇದಕ್ಕೆ ಮರ ಕಡಿಯಬೇಕಿಲ್ಲ. ಟೊಳ್ಳು ಬೈರಿಗೆಯಂಥ ಉಪಕರಣದಿಂದ ಪೆನ್ಸಿಲ್ಲಿಗಿಂತ ತೆಳುವಾದ ಒಂದು ಕಡ್ಡಿಯನ್ನು ಕಾಂಡದಿಂದ ಹೊರತೆಗೆದರೆ ಸಾಕು.

ಈ ವಿದ್ಯೆಯನ್ನು ಕಟ್ಟಿದವರು ಸಸ್ಯಶಾಸ್ತ್ರಜ್ಞರಲ್ಲ, ಆಂಡ್ರ್ಯೂ ಎಲಿಕಾಟ್ ಡಗ್ಲಾಸ್ ಎಂಬ ಅಮೆರಿಕದ ಖಗೋಳ ವಿಜ್ಞಾನಿ. ಸುಮಾರು ಹನ್ನೊಂದು ವರ್ಷಕ್ಕೊಮ್ಮೆ ಏರಿಳಿಯುವ ಸೂರ್ಯನ ಕಲೆಗಳಿಗೂ ಭೂಮಿಯ ಹವೆಗೂ ಸಂಬಂಧವಿದೆಯೇ ಎಂದು ತಿಳಿಯಲು ಅವರಿಗೆ ಹಳೆಯ ಮಳೆಯ ಲೆಕ್ಕ ಬೇಕಿತ್ತು. ಅದನ್ನು ಅರಿಜೋನಾದ ಪೈನ್ ಮರಗಳಲ್ಲಿ ಹುಡುಕಿದರು. ಬದುಕಿರುವ ಮರಗಳಿಂದ ಹಿಂದಕ್ಕೆ ಒಂದು ಸರಣಿ, ಅಲ್ಲಿನ ಮೂಲನಿವಾಸಿಗಳ ಪಾಳು ಮನೆಗಳ ತೊಲೆಗಳಿಂದ ಇನ್ನೊಂದು ಸರಣಿ ಸಿದ್ಧವಾಯಿತು. ನಡುವೆ ಒಂದು ಕಂದರ ಉಳಿಯಿತು. 1929ರಲ್ಲಿ ಅರಿಜೋನಾದ ಶೋ ಲೋ ಎಂಬಲ್ಲಿ ಸಿಕ್ಕ ಒಂದು ಸುಟ್ಟ ತೊಲೆಯ ಉಂಗುರಗಳು ಎರಡೂ ಕಡೆಗೆ ಹೊಂದಿಕೊಂಡವು. ಹರಿದ ಚೀಟಿಯ ಎರಡು ಚೂರಿನ ನಡುವೆ ಮೂರನೆಯದು ಕೂತ ಹಾಗೆ. ಆವರೆಗೆ ಊಹೆಯ ಮೇಲಿದ್ದ ಆ ಊರುಗಳ ಕಾಲ ಖಚಿತವಾದ ವರ್ಷಗಳಲ್ಲಿ ಗೊತ್ತಾಯಿತು. 13ನೆಯ ಶತಮಾನದ ಕೊನೆಯಲ್ಲಿ ಅಲ್ಲಿ ಎರಡು ದಶಕಕ್ಕೂ ಮಿಕ್ಕಿ ಬರ ಇತ್ತೆಂಬುದೂ ಬಯಲಾಯಿತು.

ನಮ್ಮಲ್ಲಿ ಲಖನೌದ ಬೀರಬಲ್ ಸಾಹನಿ ಸಂಸ್ಥೆ, ಪುಣೆಯ ಉಷ್ಣವಲಯದ ಪವನಶಾಸ್ತ್ರ ಸಂಸ್ಥೆಗಳು ಈ ಕೆಲಸ ಮಾಡುತ್ತಾ ಬಂದಿವೆ. ಹಿಮಾಲಯದ ದೇವದಾರುವಿನಲ್ಲಿ ಸಾವಿರ ವರ್ಷ ಮೀರಿದ ಸರಣಿ ಸಿಕ್ಕಿದೆ. ದಕ್ಷಿಣದಲ್ಲಿ ಭರವಸೆಯ ಮರ ಸಾಗುವಾನಿ. ವರ್ಷವಿಡೀ ಹಸಿರಾಗಿರುವ ಮಳೆಕಾಡಿನ ಮರಗಳಲ್ಲಿ ಗಡಿ ಮಸುಕಾಗಿರುವುದರಿಂದ ನಮ್ಮ ಪಶ್ಚಿಮಘಟ್ಟದ ಬಹುಪಾಲು ಮರಗಳು ಈ ಲೆಕ್ಕಕ್ಕೆ ಒದಗುವುದಿಲ್ಲ.

2010ರಲ್ಲಿ ಎಡ್ವರ್ಡ್ ಕುಕ್ ಮತ್ತು ಸಂಗಡಿಗರು ಏಷ್ಯಾದ 300ಕ್ಕೂ ಹೆಚ್ಚು ಕಡೆಯ ಮರಗಳ ಉಂಗುರಗಳನ್ನು ಸೇರಿಸಿ ಮುಂಗಾರು ಪ್ರದೇಶದ ಬರಗಳ ನಕ್ಷೆ ತಯಾರಿಸಿದರು. ಅದರಲ್ಲಿ ಎದ್ದು ಕಾಣುವ ಬರಗಳಲ್ಲಿ ಒಂದು 1790ರಿಂದ 1796ರವರೆಗಿನದು, ಇನ್ನೊಂದು 1876ರಿಂದ 1878ರದು. ನಿಮ್ಮ ಸೀಮೆಯವರಿಗೆ ಈ ವರ್ಷಗಳನ್ನು ಬಿಡಿಸಿ ಹೇಳಬೇಕಿಲ್ಲ. ಮೊದಲನೆಯದರ ಒಳಗೇ ಬರುತ್ತದೆ 1791–92ರ ಡೋಗಿ ಬರ. ಹೂಳುವವರಿಲ್ಲದೆ ತಲೆಬುರುಡೆಗಳು ನೆಲದ ಮೇಲೆ ಬಿದ್ದಿದ್ದ ಬರ ಎಂದು ಉತ್ತರ ಕರ್ನಾಟಕ ಅದನ್ನು ನೆನೆಯುತ್ತದೆ. ಎರಡನೆಯದು ಧಾತು, ಈಶ್ವರ ಸಂವತ್ಸರಗಳ ಬರ. ಮೈಸೂರು ಸಂಸ್ಥಾನದ ಐದನೇ ಒಂದು ಭಾಗದಷ್ಟು ಜನರನ್ನು ಅದು ಕೊಂಡೊಯ್ದಿತು. ಗೆಜೆಟಿಯರಿನಲ್ಲೂ ಅಜ್ಜಿಯರ ಬಾಯಲ್ಲೂ ಉಳಿದ ಆ ಬರಗಳು ಎಲ್ಲೋ ದೂರದ ಕಾಡಿನ ಮರಗಳ ಒಳಗೂ ಕಿರಿದಾದ ಉಂಗುರಗಳಾಗಿ ಉಳಿದಿವೆ.

ಈಗ ಸವಣೂರು. ದೊಡ್ಡ ಹುಣಸೆ ಎಂದು ಕರೆದರೂ ಕಲ್ಮಠದ ಆ ಮರಗಳು ಹುಣಸೆಯಲ್ಲ, ಆಫ್ರಿಕಾ ಮೂಲದ ಬಾವೊಬಾಬ್. ಅವುಗಳಲ್ಲಿ ಒಂದು 2023ರ ಮಳೆಗಾಲದಲ್ಲಿ ಉರುಳಿತು. ಬಾವೊಬಾಬ್ ಮರವನ್ನು ಉಂಗುರದಿಂದ ಅಳೆಯುವುದು ಕಷ್ಟ. ಅದರ ಕಟ್ಟಿಗೆ ನೀರು ತುಂಬಿದ ಸ್ಪಂಜಿನಂತೆ ಮೆದು, ಉಂಗುರಗಳು ಮಸುಕು. ದೊಡ್ಡ ಮರಗಳ ಒಳಗೆ ಟೊಳ್ಳಿರುತ್ತದೆ. ಒಂದೇ ಎಂದು ಕಾಣುವ ಕಾಂಡ ಹಲವು ಕಾಂಡಗಳು ಬೆಸೆದು ಆದದ್ದೂ ಇರಬಹುದು. ಸುತ್ತಳತೆಯಿಂದ ವಯಸ್ಸು ಕಟ್ಟುವ ಲೆಕ್ಕ ಇಲ್ಲಿ ದಾರಿ ತಪ್ಪಿಸುವುದು ಇದೇ ಕಾರಣಕ್ಕೆ. ಉಳಿಯುವ ದಾರಿ ಇಂಗಾಲದ ಪರೀಕ್ಷೆ, ಅಂದರೆ ರೇಡಿಯೊ ಕಾರ್ಬನ್: ಕಟ್ಟಿಗೆಯಲ್ಲಿ ಸೇರಿದ್ದ ವಿಕಿರಣಶೀಲ ಇಂಗಾಲ ಎಷ್ಟು ಕ್ಷೀಣಿಸಿದೆ ಎಂದು ಅಳೆದು ವಯಸ್ಸು ಕಟ್ಟುವುದು. ಟೊಳ್ಳಿನ ಗೋಡೆಯಿಂದಲೂ ಕಾಂಡದ ಬೇರೆ ಬೇರೆ ಕಡೆಯಿಂದಲೂ ಚೂರು ಮಾದರಿ ತೆಗೆದು ಈ ಪರೀಕ್ಷೆ ಮಾಡುತ್ತಾರೆ. ಜಿಂಬಾಬ್ವೆಯ ಪಾಂಕೆ ಎಂಬ ಬಾವೊಬಾಬ್ ಹೀಗೆ ಸುಮಾರು 2,450 ವರ್ಷದ್ದೆಂದು ತಿಳಿದುಬಂತು. ಪ್ರಯಾಗರಾಜ್ ಬಳಿಯ ಝೂನ್ಸಿಯಲ್ಲಿ ಪಾರಿಜಾತವೆಂದು ಜನ ಪೂಜಿಸುವ ಬಾವೊಬಾಬ್ ಏಳುನೂರು ವರ್ಷ ದಾಟಿದ್ದು ಎಂದು ಗೊತ್ತಾಯಿತು. ಸವಣೂರಿನವು ಎಷ್ಟು ಹಳೆಯವು ಎಂಬುದಕ್ಕೂ ಇದೇ ಪರೀಕ್ಷೆ ಆಗಬೇಕು. ಉಂಗುರ ಎಣಿಸಿ ಎರಡು ಸಾವಿರ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅಷ್ಟಾಗಿ, ಅವು ಐನೂರು ವರ್ಷದವೇ ಆದರೂ ಬೇಲಿ ಹಾಕಿ ಕಾಪಾಡಲು ಅಷ್ಟು ಸಾಲದೇ?

ಇಂಗಾಲದ ಪರೀಕ್ಷೆಯೂ ಉಂಗುರಗಳನ್ನು ಬಿಟ್ಟು ನಡೆಯದು. ಗಾಳಿಯಲ್ಲಿನ ವಿಕಿರಣಶೀಲ ಇಂಗಾಲದ ಪ್ರಮಾಣ ಕಾಲದಿಂದ ಕಾಲಕ್ಕೆ ಬದಲಾಗಿರುವುದರಿಂದ, ಯಂತ್ರ ಕೊಡುವ ಅಂಕಿಯನ್ನು ತಿದ್ದಬೇಕಾಗುತ್ತದೆ. ತಿದ್ದುವ ಕೋಷ್ಟಕ ಬಂದಿರುವುದು ವಯಸ್ಸು ನಿಖರವಾಗಿ ಗೊತ್ತಿರುವ ಉಂಗುರಗಳಿಂದ. ಮಧ್ಯ ಯುರೋಪಿನ ಓಕ್ ಮತ್ತು ಪೈನ್ ಮರಗಳ ಸರಣಿ 12,000 ವರ್ಷಗಳಿಗೂ ಹಿಂದಕ್ಕೆ ಹೋಗುತ್ತದೆ. ಉಂಗುರ ಸರಿಯಾಗಿ ಕಾಣದ ಸವಣೂರಿನ ಮರಕ್ಕೂ ವಯಸ್ಸು ಹೇಳಬೇಕಾದದ್ದು ಕೊನೆಗೆ ಇನ್ನೊಂದು ಮರದ ಉಂಗುರಗಳೇ.

ಎರಡನೆಯ ದಾರಿಗೆ ಬರೋಣ, ಮರವಿಲ್ಲದ ಮರಗಳಿಗೆ. 1873ರಲ್ಲಿ ಇಟಲಿಯ ಕಮಿಲ್ಲೊ ಗಾಲ್ಜಿ ಮಿದುಳಿನ ತುಣುಕಿಗೆ ಬೆಳ್ಳಿಯ ಲವಣದಿಂದ ಬಣ್ಣ ಕೊಡುವ ವಿಧಾನ ಕಂಡುಹಿಡಿದರು. ಅದರ ವಿಶೇಷವೆಂದರೆ ಸಾವಿರಾರು ಕೋಶಗಳಲ್ಲಿ ಎಲ್ಲೋ ಕೆಲವಕ್ಕೆ ಮಾತ್ರ ಬಣ್ಣ ಹತ್ತುತ್ತದೆ, ಹತ್ತಿದ್ದಕ್ಕೆ ಪೂರ್ತಿ ಹತ್ತುತ್ತದೆ. ಹಳದಿ ಹಿನ್ನೆಲೆಯಲ್ಲಿ ಒಂದೊಂದು ನರಕೋಶ ಕೊಂಬೆರೆಂಬೆಗಳ ಸಮೇತ ಕಪ್ಪಾಗಿ ಎದ್ದು ನಿಲ್ಲುತ್ತದೆ. ಸ್ಪೇನಿನ ಸಾಂಟಿಯಾಗೊ ರಾಮೊನ್ ಇ ಕಹಾಲ್ ಅದೇ ವಿಧಾನದಿಂದ ಮಿದುಳಿನ ಕೋಶಗಳನ್ನು ನೋಡಿ ನೋಡಿ ಚಿತ್ರಿಸಿದರು. ನರವ್ಯೂಹ ಒಂದೇ ಅಖಂಡ ಬಲೆಯಲ್ಲ, ಬಿಡಿ ಬಿಡಿ ಕೋಶಗಳದ್ದು ಎಂದು ವಾದಿಸಿದರು. ಗಾಲ್ಜಿ ಕೊನೆಯವರೆಗೂ ಒಪ್ಪಲಿಲ್ಲ. 1906ರ ನೊಬೆಲ್ ಇಬ್ಬರಿಗೂ ಸೇರಿ ಬಂತು. ಆ ಕವಲುಗಳಿಗೆ ‘ಡೆಂಡ್ರೈಟ್’ ಎಂದು 1889ರಲ್ಲಿ ಹೆಸರಿಟ್ಟವರು ವಿಲ್ಹೆಲ್ಮ್ ಹಿಸ್.

ಡೆಂಡ್ರೈಟ್ ಸುದ್ದಿ ಪಡೆಯುವ ಕಡೆ, ಆಕ್ಸಾನ್ ಸುದ್ದಿ ಕಳಿಸುವ ಕಡೆ. ಪರೀಕ್ಷೆಗೆ ಇಷ್ಟು ಸಾಕು. ಆದರೆ ಕೊಂಬೆಗಳ ಆಕಾರ ಸುಮ್ಮನೆ ಅಲಂಕಾರಕ್ಕೆ ಇಲ್ಲ. ಕಿರುಮಿದುಳಿನ ಪುರ್ಕಿಂಜಿ ಕೋಶದ ಕೊಂಬೆಗಳು ಬೀಸಣಿಗೆಯಂತೆ ಒಂದೇ ಪಾತಳಿಯಲ್ಲಿ ಹರಡಿ, ಒಂದು ಲಕ್ಷಕ್ಕೂ ಹೆಚ್ಚು ಸಂಪರ್ಕಗಳಿಗೆ ಜಾಗ ಕೊಡುತ್ತವೆ. ಕೊಂಬೆ ಹೆಚ್ಚಾದರೆ ಸುದ್ದಿ ಬಂದು ಇಳಿಯುವ ತಾಣವೂ ಹೆಚ್ಚು.

ಆ ಕೊಂಬೆಗಳು ಬದುಕಿನುದ್ದಕ್ಕೂ ಬದಲಾಗುತ್ತವೆ ಎಂಬುದಕ್ಕೆ ಒಂದು ಮುಖ್ಯ ಸಾಕ್ಷಿ ಬಂದದ್ದು ನಮ್ಮ ಬೆಂಗಳೂರಿನಿಂದ. ಸುಮಂತ್ರ ಚಟರ್ಜಿ ಅವರ ತಂಡ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಇಲಿಗಳನ್ನು ದಿನಕ್ಕೆ ಎರಡು ಗಂಟೆಯಂತೆ ಹತ್ತು ದಿನ ಅಲುಗಾಡದಂತೆ ಕೂಡಿಹಾಕಿ ಒತ್ತಡಕ್ಕೆ ಒಳಪಡಿಸಿ, ಆಮೇಲೆ ಅವುಗಳ ಮಿದುಳನ್ನು ಗಾಲ್ಜಿಯ ಆ ಹಳೆಯ ವಿಧಾನದಿಂದಲೇ ನೋಡಿತು. ನೆನಪಿಗೆ ಬೇಕಾದ ಹಿಪೊಕ್ಯಾಂಪಸ್ಸಿನಲ್ಲಿ ಡೆಂಡ್ರೈಟುಗಳು ಕುಗ್ಗಿದ್ದವು. ಭಯವನ್ನು ನಿಭಾಯಿಸುವ ಅಮಿಗ್ಡಲಾದಲ್ಲಿ ಅವು ಇನ್ನಷ್ಟು ಕವಲೊಡೆದಿದ್ದವು. 2002ರಲ್ಲಿ ಇದು ಪ್ರಕಟವಾಯಿತು. ಇಪ್ಪತ್ತೊಂದು ದಿನ ನೆಮ್ಮದಿಯಾಗಿ ಬಿಟ್ಟ ಮೇಲೂ ಅಮಿಗ್ಡಲಾದ ಹೆಚ್ಚುವರಿ ಕೊಂಬೆಗಳು ಹಿಂದೆ ಸರಿಯಲಿಲ್ಲ ಎಂದು ಅದೇ ತಂಡ ಮುಂದೆ ತೋರಿಸಿತು. ಇಲಿಯಲ್ಲಿ ಕಂಡದ್ದನ್ನು ನೇರವಾಗಿ ಮನುಷ್ಯರಿಗೆ ಹಚ್ಚಬಾರದು, ನಿಜ. ಆದರೂ ದೀರ್ಘ ಕಾಲದ ಒತ್ತಡವನ್ನು ‘ಬರೀ ಮನಸ್ಸಿನದು’ ಎಂದು ತಳ್ಳಿಹಾಕುವವರು ಈ ಎರಡು ಫಲಿತಾಂಶಗಳನ್ನು ತಿಳಿದಿರಬೇಕು.

ಹೆಸರು ದಾರಿ ತಪ್ಪಿಸಬಹುದು ಎಂದೆನಲ್ಲ, ಅದಕ್ಕೆ ಉದಾಹರಣೆ ‘ಡೆಂಡ್ರಿಟಿಕ್ ಕೋಶ’. ಇದಕ್ಕೂ ನರಕ್ಕೂ ಸಂಬಂಧವಿಲ್ಲ. ಇವು ರೋಗನಿರೋಧಕ ವ್ಯವಸ್ಥೆಯ ಕಾವಲುಗಾರರು. ಚರ್ಮ, ಶ್ವಾಸಕೋಶ, ಕರುಳಿನಲ್ಲಿದ್ದು, ಒಳನುಗ್ಗಿದ ಸೂಕ್ಷ್ಮಜೀವಿಯ ಚೂರನ್ನು ಹೊತ್ತು ದುಗ್ಧಗ್ರಂಥಿಗೆ ಹೋಗಿ, ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳಾದ ಟಿ ಕೋಶಗಳಿಗೆ ತೋರಿಸುತ್ತವೆ. 1868ರಲ್ಲಿ ಪಾಲ್ ಲ್ಯಾಂಗರ್‌ಹ್ಯಾನ್ಸ್ ಎಂಬ ವೈದ್ಯಕೀಯ ವಿದ್ಯಾರ್ಥಿ ಚರ್ಮದಲ್ಲಿ ಇಂಥ ಕವಲು ಕೋಶಗಳನ್ನು ಕಂಡು, ಆಕಾರಕ್ಕೆ ಮೋಸಹೋಗಿ ನರಕೋಶವೆಂದೇ ತಿಳಿದರು. ರಾಲ್ಫ್ ಸ್ಟೈನ್‌ಮನ್ ನ್ಯೂಯಾರ್ಕಿನಲ್ಲಿ ಝಾನ್ವಿಲ್ ಕಾನ್ ಜೊತೆ 1973ರಲ್ಲಿ ಡೆಂಡ್ರಿಟಿಕ್ ಕೋಶಗಳನ್ನು ಗುರುತಿಸಿ ಹೆಸರಿಟ್ಟರು. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಬಂದಾಗ ಸ್ಟೈನ್‌ಮನ್ ಈ ಕೋಶಗಳನ್ನು ಆಧರಿಸಿದ ಚಿಕಿತ್ಸೆಯನ್ನು ತಾವೇ ಪಡೆದರು. 2011ರಲ್ಲಿ ನೊಬೆಲ್ ಘೋಷಣೆಯಾದಾಗ ಅವರು ತೀರಿಕೊಂಡು ಮೂರು ದಿನವಾಗಿತ್ತು. ಸಮಿತಿಗೆ ಅದು ಗೊತ್ತಿರಲಿಲ್ಲವಾದ್ದರಿಂದ ಪ್ರಶಸ್ತಿ ಉಳಿಯಿತು.

ಕಲ್ಲಿನಲ್ಲೂ ಲೋಹದಲ್ಲೂ ಡೆಂಡ್ರೈಟ್ ಇದೆ. ಸುಣ್ಣಕಲ್ಲಿನ ಹಲಗೆ ಸೀಳಿದಾಗ ಒಳಗೆ ಜರೀಗಿಡದಂಥ ಕಪ್ಪು ಚಿತ್ತಾರ ಕಂಡರೆ ಅದನ್ನು ಸಸ್ಯದ ಪಳೆಯುಳಿಕೆ ಎಂದುಕೊಳ್ಳುವವರೇ ಹೆಚ್ಚು. ಅದು ಬಿರುಕಿನಲ್ಲಿ ಇಳಿದ ನೀರು ಬಿಟ್ಟುಹೋದ ಮ್ಯಾಂಗನೀಸ್ ಅಥವಾ ಕಬ್ಬಿಣದ ಆಕ್ಸೈಡು. ಎಲೆಯಲ್ಲಿ ಇರಬೇಕಾದ ನರಗಳಾಗಲೀ ಅಂಚಾಗಲೀ ಅದರಲ್ಲಿ ಇರುವುದಿಲ್ಲ. ಲಿಥಿಯಂ ಬ್ಯಾಟರಿಯಲ್ಲೂ ಇದೇ ಬಗೆಯ ಬೆಳವಣಿಗೆ. ತೀರಾ ತಣ್ಣಗಿರುವಾಗ ಅಥವಾ ಅತಿವೇಗವಾಗಿ ಚಾರ್ಜ್ ಮಾಡಿದಾಗ ಲಿಥಿಯಂ ಲೋಹವಾಗಿ ವಿದ್ಯುದ್ವಾರದ ಮೇಲೆ ಕೂರುತ್ತದೆ. ಎಲ್ಲಾದರೂ ಒಂದು ಉಬ್ಬು ಎದ್ದರೆ, ಅದರ ತುದಿ ಹೊಸ ಅಯಾನುಗಳಿಗೆ ಹತ್ತಿರ. ಹತ್ತಿರವಿದ್ದದ್ದಕ್ಕೆ ಹೆಚ್ಚು ಸಿಗುತ್ತದೆ, ಹೆಚ್ಚು ಸಿಕ್ಕಿದ್ದು ಇನ್ನೂ ಮುಂದಕ್ಕೆ ಚಾಚುತ್ತದೆ, ಹಿಂದುಳಿದ ತಗ್ಗುಗಳಿಗೆ ಏನೂ ತಲುಪುವುದಿಲ್ಲ. ತುದಿಯ ಪಕ್ಕದಲ್ಲಿ ಮತ್ತೆ ಸಣ್ಣ ಉಬ್ಬು ಎದ್ದು ಅದೇ ಕತೆ. ಹೀಗೆ ಚಾಚಿದ ಮುಳ್ಳು ಎರಡು ವಿದ್ಯುದ್ವಾರಗಳ ನಡುವಿನ ತೆಳು ಪೊರೆಯನ್ನು ಚುಚ್ಚಿದರೆ ಶಾರ್ಟ್ ಸರ್ಕ್ಯೂಟ್, ಕೆಲವೊಮ್ಮೆ ಬೆಂಕಿ. ಮಂಜಿನ ಹರಳು ಆರು ದಿಕ್ಕಿಗೆ ಕವಲೊಡೆಯುವುದರ ಹಿಂದೆಯೂ ತುದಿಗೆ ಮೊದಲ ಪಾಲು ಎಂಬ ಈ ನಿಯಮವೇ ಇದೆ. ನರಕೋಶದ್ದು ಹಾಗಲ್ಲ. ಅದರ ಕೊಂಬೆಗಳನ್ನು ವಂಶವಾಹಿಗಳೂ ಕೋಶದ ಚಟುವಟಿಕೆಯೂ ಸೇರಿ ರೂಪಿಸುತ್ತವೆ. ಆಕಾರ ಒಂದೇ ಆದ ಮಾತ್ರಕ್ಕೆ ಕಾರಣ ಒಂದೇ ಆಗಬೇಕಿಲ್ಲ.

ರಸಾಯನಶಾಸ್ತ್ರದ ಡೆಂಡ್ರಿಮರ್ ಎಂದರೆ ನಡುವಿನಿಂದ ಹಂತ ಹಂತವಾಗಿ ಕವಲೊಡೆಸಿ ಕಟ್ಟಿದ ಅಣು. ಜೀವಿಗಳ ನೆಂಟಸ್ತನವನ್ನು ಕೊಂಬೆಗಳಲ್ಲಿ ತೋರಿಸುವ ನಕ್ಷೆ ಡೆಂಡ್ರೊಗ್ರಾಂ. ಮುಂದೆ ಓದುವಾಗ ಎರಡೂ ಸಿಗುತ್ತವೆ.

ಇನ್ನು ಮಗನ ಭೂಗೋಳ. ಕೆಳಗಿನ ಬಂಡೆ ಎಲ್ಲ ಕಡೆ ಸುಮಾರು ಒಂದೇ ಗಟ್ಟಿಯಾಗಿದ್ದರೆ ನೀರಿಗೆ ಯಾವ ದಿಕ್ಕಿನ ಒತ್ತಾಯವೂ ಇರುವುದಿಲ್ಲ. ಹಳ್ಳಗಳು ಇಳಿಜಾರು ಕಂಡ ಕಡೆ ಹರಿದು, ಕಿರಿದಾದ ಕೋನದಲ್ಲಿ ಒಂದನ್ನೊಂದು ಕೂಡುತ್ತವೆ. ಅದು ಡೆಂಡ್ರಿಟಿಕ್ ಮಾದರಿ. ಬಂಡೆಯಲ್ಲಿ ನೇರ ಬಿರುಕುಗಳೋ ಮಡಿಕೆಗಳೋ ಇದ್ದರೆ ಹೊಳೆ ಲಂಬಕೋನದಲ್ಲಿ ತಿರುಗುತ್ತದೆ, ಮಾದರಿಯ ಹೆಸರೂ ಬದಲಾಗುತ್ತದೆ. ನಿಮ್ಮ ಜಿಲ್ಲೆಯ ನಕ್ಷೆಯನ್ನೇ ಇಟ್ಟುಕೊಳ್ಳಿ. ಧರ್ಮಾ ನದಿ ವರದೆಗೆ ಸೇರುವುದನ್ನೂ ವರದೆ ಗಳಗನಾಥದ ಬಳಿ ತುಂಗಭದ್ರೆಗೆ ಕೂಡುವುದನ್ನೂ ಪೆನ್ಸಿಲಿನಲ್ಲಿ ಗುರುತು ಮಾಡಿ, ಸಣ್ಣ ಹಳ್ಳಗಳನ್ನೂ ಬಿಡದೆ ಬರೆಯಲಿ. ಕೂಡುವ ಕೋನ ಎಲ್ಲಿ ಕಿರಿದು, ಎಲ್ಲಿ ಲಂಬ ಎಂದು ನೋಡಿದರೆ ಕೆಳಗಿನ ಬಂಡೆಯ ಬಗ್ಗೆ ಅವನೇ ಊಹಿಸಬಹುದು. ಪಕ್ಕದಲ್ಲಿ ಅಕ್ಕ ನರಕೋಶದ ಚಿತ್ರ ಬರೆದು ಎರಡರಲ್ಲೂ ಬಾಣದ ಗುರುತು ಹಾಕಲಿ. ಹೊಳೆಯಲ್ಲಿ ನೀರೂ, ಡೆಂಡ್ರೈಟಿನಲ್ಲಿ ಸಂಕೇತವೂ ರೆಂಬೆಯ ತುದಿಯಿಂದ ಬೊಡ್ಡೆಯ ಕಡೆಗೇ ಸಾಗುತ್ತವೆ. ಬಾಣ ತಿರುಗುಮುರುಗಾದರೆ ಇಬ್ಬರಿಗೂ ಅಂಕ ಹೋಗುತ್ತದೆ.